ಕಿಟೆಲ್ ಬದುಕಿನ ಮಳೆಗಾಲ

ಕಳೆದ ಜುಲೈ ತಿಂಗಳ ಒಂದು ಸಂಜೆ. ಮಂಗಳೂರಿನಲ್ಲಿ ಮೂರು ದಿನಗಳಿಂದ ಬಿಡದೆ ಮಳೆ ಸುರಿಯುತ್ತಿತ್ತು. ಕಾಲೇಜಿನಿಂದ ಬರುವಾಗ ಬಸ್ಸಿನಲ್ಲೇ ಮೊಬೈಲ್ ತೆಗೆದು ನಾಲ್ಕನೇ ಸೆಮಿಸ್ಟರಿನ ಫಲಿತಾಂಶ ನೋಡಿದೆ. ಎರಡು ವಿಷಯಗಳಲ್ಲಿ ಫೇಲ್. ಕೊಡೆ ಕೈಯಲ್ಲೇ ಇತ್ತು, ಆದರೂ ಅದನ್ನು ಬಿಡಿಸದೆ ನೆನೆದುಕೊಂಡೇ ಮನೆಗೆ ಬಂದೆ. ಬ್ಯಾಕ್ ಉಳಿಸಿಕೊಂಡವರನ್ನು ಕ್ಯಾಂಪಸ್ ಸಂದರ್ಶನಕ್ಕೆ ಕೂರಿಸುವುದಿಲ್ಲ ಎಂದು ಸೀನಿಯರ್‌ಗಳು ಮೊದಲೇ ಹೇಳಿದ್ದರು. ಪಪ್ಪ ಕಾಲೇಜು ಫೀಸಿಗೆ ಮಾಡಿದ ಸಾಲ ನೆನಪಾಯಿತು.

ರಾತ್ರಿ ಕರೆಂಟ್ ಹೋಯಿತು. ಮೇಣದಬತ್ತಿಯ ಬೆಳಕಿನಲ್ಲಿ ಮನೆಯವರೆಲ್ಲ ತೇರ್ಸ್ ಪ್ರಾರ್ಥನೆ ಮುಗಿಸಿದೆವು. ಜೊತೆಗೆ ಕೂತಿದ್ದ ನೆರೆಮನೆಯ ಆಂಟಿ ನನ್ನ ಬೆನ್ನು ತಟ್ಟಿ, ಇದೂ ದೇವರ ಆಶೀರ್ವಾದವೇ, ಬಿರುಗಾಳಿಯ ಹಿಂದೆ ಒಳ್ಳೆಯದೇ ಇರುತ್ತದೆ ಎಂದು ಸಮಾಧಾನ ಹೇಳಿದರು. ಅವರದು ಒಳ್ಳೆಯ ಮನಸ್ಸು. ಆದರೆ ನನಗೆ ಒಳಗೊಳಗೇ ಸಿಟ್ಟು ಬಂತು. ಫೇಲಾಗುವುದು ಯಾವ ಸೀಮೆಯ ಆಶೀರ್ವಾದ? ಮಳೆಗೆ ಗುಡ್ಡ ಕುಸಿದು ಮನೆ ಕಳೆದುಕೊಂಡವರ ಹತ್ತಿರ ಹೋಗಿ ಹೀಗೆ ಹೇಳಲು ಆಗುತ್ತದೆಯೇ?

ಆ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದ್ದಾಗಲೇ ಕಾಲೇಜಿನ ಕನ್ನಡ ಸಂಘದಲ್ಲಿ ಹತ್ತು ನಿಮಿಷ ಮಾತನಾಡುವ ಕೆಲಸ ನನ್ನ ಪಾಲಿಗೆ ಬಂತು. ವಿಷಯ: ಫರ್ಡಿನೆಂಡ್ ಕಿಟೆಲ್. ಕನ್ನಡ ನಿಘಂಟು ಬರೆದ ಜರ್ಮನ್ ಪಾದ್ರಿ ಎಂಬ ಒಂದು ಅಂಕದ ಉತ್ತರ ಬಿಟ್ಟರೆ ನನಗೆ ಅವರ ಬಗ್ಗೆ ಏನೂ ಗೊತ್ತಿರಲಿಲ್ಲ. ಓದುತ್ತಾ ಹೋದಂತೆ, ನನ್ನ ಪ್ರಶ್ನೆಯನ್ನು ಹೊತ್ತುಕೊಂಡೇ ಬದುಕಿದ ಮನುಷ್ಯ ಇವರು ಅನಿಸಿತು. ಆ ಬದುಕನ್ನು ನಿಮ್ಮ ಜೊತೆ ಹಂಚಿಕೊಳ್ಳಬೇಕೆಂದು ಈ ಬರಹ.

ಬಿರುಗಾಳಿಯ ಕರಾವಳಿಯ ಹುಡುಗ

ಕಿಟೆಲ್ ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಜರ್ಮನಿಯ ಉತ್ತರ ತುದಿಯ ಪೂರ್ವ ಫ್ರೀಸ್‌ಲ್ಯಾಂಡ್ ಪ್ರದೇಶದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ತಂದೆ ಪಾದ್ರಿ. ನಮ್ಮ ಹಾಗೆಯೇ ಅವರೂ ಕಡಲ ತೀರದ ಸೀಮೆಯವರು. ಆದರೆ ಅಲ್ಲಿನ ನೆಲ ಬಹಳ ತಗ್ಗು. ಉತ್ತರ ಸಮುದ್ರ ಉಕ್ಕಿದರೆ ಊರುಗಳೇ ಮುಳುಗುತ್ತವೆ. ಹಾಗಾಗಿ ಆ ಜನ ಶತಮಾನಗಳಿಂದ ಮಣ್ಣಿನ ದೊಡ್ಡ ದಂಡೆಗಳನ್ನು ಕಟ್ಟಿಕೊಂಡು ಅದರ ಹಿಂದೆ ಬದುಕುತ್ತಾರೆ. 1717ರ ಕ್ರಿಸ್ಮಸ್ ರಾತ್ರಿ ಬಂದ ಬಿರುಗಾಳಿಗೆ ದಂಡೆಗಳು ಒಡೆದು ಆ ಕರಾವಳಿಯಲ್ಲಿ ಸಾವಿರಾರು ಜನ ಸತ್ತಿದ್ದರು. ಯೇಸು ಹುಟ್ಟಿದ ರಾತ್ರಿಯೇ ಬಂದ ಸಾವಿನ ನೆನಪನ್ನು ಇಟ್ಟುಕೊಂಡಿರುವ ಸೀಮೆ ಅದು. ಅಲ್ಲಿನವರಿಗೆ ಬಿರುಗಾಳಿ ಎಂದರೆ ಕವಿತೆಯ ಮಾತಲ್ಲ. ಅದು ಬರುತ್ತದೆ, ಒಡೆದ ದಂಡೆಯನ್ನು ಮತ್ತೆ ಕಟ್ಟಬೇಕು, ಅಷ್ಟೇ.

ಶಾಲೆಯಲ್ಲೇ ಕಿಟೆಲ್ ಅವರಿಗೆ ಭಾಷೆಗಳ ಗೀಳು ಹಿಡಿಯಿತು. 1850ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದ ಮಿಷನ್ ಶಾಲೆಗೆ ಸೇರಿದರು. ಅಲ್ಲಿ ತರಬೇತಿ ಮುಗಿಸಿ 1853ರಲ್ಲಿ ಭಾರತಕ್ಕೆ ಬಂದರು. ಆಗ ಅವರಿಗೆ 21 ವರ್ಷ. ನನಗಿಂತ ಒಂದೇ ವರ್ಷ ದೊಡ್ಡವರು! ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ, ಅಂದರೆ ಅವರು ಬಂದ ಹದಿನಾರು ವರ್ಷಗಳ ನಂತರ. ಮನೆಗೆ ಬರೆದ ಪತ್ರಕ್ಕೆ ಉತ್ತರ ಬರಲು ತಿಂಗಳುಗಟ್ಟಲೆ ಕಾಯಬೇಕಾದ ಕಾಲ. ಪರ ಊರಿನ ಪಿ.ಜಿ.ಯಲ್ಲಿ ಒಂದು ವಾರಕ್ಕೇ ಮನೆ ನೆನಪಾಗಿ ಒದ್ದಾಡುವ ನಮಗೆ ಇದು ಊಹೆಗೂ ಕಷ್ಟ.

ಕುದುರೆ ಬಿಟ್ಟು ನಡೆದವರು

ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಹರ್ಮನ್ ಮೋಗ್ಲಿಂಗ್ ಇದೇ ಮಿಷನ್‌ನವರು. ಕಿಟೆಲ್ ಬರುವ ಹೊತ್ತಿಗೆ ಇಲ್ಲಿ ಶಾಲೆಗಳು, ಮುದ್ರಣಾಲಯ ಎಲ್ಲ ಇದ್ದವು. ಆದರೆ ಕಿಟೆಲ್ ಅವರನ್ನು ಮೊದಲು ಕಳಿಸಿದ್ದು ಧಾರವಾಡದ ಕಡೆಗೆ.

ಅಲ್ಲಿ ಅವರು ಒಂದು ತೀರ್ಮಾನ ಮಾಡಿಕೊಂಡರು. ಈ ನಾಡಿನ ಜನರ ನಡುವೆ ಕೆಲಸ ಮಾಡಬೇಕಾದರೆ ಈ ನಾಡಿನವರ ಹಾಗೆಯೇ ಬದುಕಬೇಕು. ಸಾಹೇಬರ ಹಾಗೆ ಕುದುರೆ ಏರಿ ಹೋಗುವ ಬದಲು ಹಳ್ಳಿಯಿಂದ ಹಳ್ಳಿಗೆ ನಡೆದು ಹೋದರು. ಜನರ ಜೊತೆ ಕೂತು ಅವರ ಮಾತು, ಗಾದೆ, ಹಾಡು ಕೇಳಿಸಿಕೊಂಡರು. ಸಂತ ಪೌಲನು ಪ್ರತಿಯೊಬ್ಬರ ಜೊತೆಗೂ ಅವರಂತೆಯೇ ಆಗಿ ಬಾಳಿದ್ದನ್ನು ಅವರು ಅಕ್ಷರಶಃ ತೆಗೆದುಕೊಂಡಿದ್ದರು.

ಇದು ಮಿಷನ್ನಿನ ಹಿರಿಯರಿಗೆ ಹಿಡಿಸಲಿಲ್ಲ. ನಿನ್ನೆ ಮೊನ್ನೆ ಬಂದ ಹುಡುಗ ನಮಗೆ ಪಾಠ ಹೇಳುತ್ತಾನೆಯೇ ಎಂಬ ಅಸಮಾಧಾನ ಬೆಳೆಯಿತು. ಯಾರ ನಂಬಿಕೆಯನ್ನು ಹರಡಲು ಸಾವಿರಾರು ಮೈಲಿ ದಾಟಿ ಬಂದಿದ್ದರೋ, ಆ ತಮ್ಮವರ ನಡುವೆಯೇ ಅವರು ಒಂಟಿಯಾದರು. ಮುಂದೆ ಊರೂರು ತಿರುಗುವ ಕೆಲಸಕ್ಕಿಂತ ಶಾಲೆ, ಮುದ್ರಣಾಲಯ, ಪುಸ್ತಕಗಳ ಕೆಲಸವೇ ಅವರಿಗೆ ಹೆಚ್ಚಾಗಿ ಒದಗಿತು. ಅವರ ಮೊದಲ ಬಿರುಗಾಳಿ ಇದು. ಬೇಕೆಂದು ಬಂದ ಕೆಲಸ ಕೈತಪ್ಪಿ ಬೇರೆ ಟೇಬಲ್ಲಿಗೆ ವರ್ಗವಾದವರಿಗೆ ಆ ನೋವು ಗೊತ್ತಿರುತ್ತದೆ.

ಕಿಟೆಲ್ ಮಿಷನ್ ಬಿಟ್ಟು ಊರಿಗೆ ಹೋಗಲಿಲ್ಲ. ಜನರ ಹತ್ತಿರ ಹೋಗಲು ಬಿಡದಿದ್ದರೆ ಜನರ ಭಾಷೆಯ ಹತ್ತಿರ ಹೋಗುತ್ತೇನೆ ಎಂಬಂತೆ ಅವರ ದುಡಿಮೆ ಸಾಗಿತು. ನಡೆದು ಸುತ್ತಿದ ವರ್ಷಗಳಲ್ಲಿ ಕಿವಿಗೆ ಬಿದ್ದ ಕನ್ನಡ ಈಗ ಮೇಜಿನ ಮೇಲೆ ಕೆಲಸಕ್ಕೆ ಬಂತು.

ಮಂಗಳೂರಿನ ಮಳೆ, ಮನೆಯೊಳಗಿನ ಕತ್ತಲೆ

ಕಿಟೆಲ್ ಕಂಡ ಮಂಗಳೂರನ್ನು ಸ್ವಲ್ಪ ಊಹಿಸಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರು. ಕಡಲು ಕೆರಳುವ ಮಳೆಗಾಲದಲ್ಲಿ ಹಳೇ ಬಂದರಿನ ಕೆಲಸ ನಿಂತು ಹೋಗುತ್ತಿತ್ತು. ಹುಲ್ಲು, ಮಡಲಿನ ಮಾಡುಗಳೇ ಹೆಚ್ಚು. ಇಂದು ನಮ್ಮ ಊರಿನ ಗುರುತೇ ಆಗಿರುವ ಹೆಂಚು ಆಗಿನ್ನೂ ಬಂದಿರಲಿಲ್ಲ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ನೇತ್ರಾವತಿಯ ಹತ್ತಿರ ಮೊದಲ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಮತ ಬದಲಿಸಿದ್ದಕ್ಕಾಗಿ ತಮ್ಮವರಿಂದ ದೂರವಾಗಿ ಹೊಟ್ಟೆಪಾಡು ಕಳೆದುಕೊಂಡವರಿಗೆ ಕೆಲಸ ಕೊಡಬೇಕೆಂಬುದು ಮಿಷನ್ ಉದ್ಯಮಗಳ ಹಿಂದಿನ ಒಂದು ಮುಖ್ಯ ಕಾರಣ. ಕೆಲಸ ಕಳೆದುಕೊಂಡವರ ಕೈಯಿಂದಲೇ ಊರಿಗೆಲ್ಲ ಮಳೆ ತಡೆಯುವ ಮಾಡು ಬಂತು ಎಂಬುದನ್ನು ಕೆಲಸ ಹುಡುಕುತ್ತಿರುವ ನಾವು ನೆನಪಿಡಬೇಕು.

1860ರಲ್ಲಿ ಮಂಗಳೂರಿನಲ್ಲಿ ಕಿಟೆಲ್ ಅವರ ಮದುವೆ ಪೌಲಿನೆ ಐತ್ ಎಂಬವರ ಜೊತೆ ನಡೆಯಿತು. 1862ರಲ್ಲಿ ಅವರ ‘ಕಥಾಮಾಲೆ’ ಅಚ್ಚಾಯಿತು. ಯೇಸುವಿನ ಬದುಕನ್ನು ಅವರು ಅದರಲ್ಲಿ ನಮ್ಮ ಛಂದಸ್ಸಿನ ಪದ್ಯಗಳಲ್ಲಿ ಹೇಳಿದ್ದರು. ಜರ್ಮನಿಯ ರಾಗಗಳಿಗೆ ಕನ್ನಡ ಪದ ಜೋಡಿಸುವುದು ಸುಲಭದ ದಾರಿಯಾಗಿತ್ತು. ಅವರು ಆ ದಾರಿ ಹಿಡಿಯಲಿಲ್ಲ. ಕನ್ನಡ ಕಿವಿಗೆ ಒಗ್ಗುವ ಲಯದಲ್ಲೇ ಕ್ರಿಸ್ತನ ಕಥೆ ಬರಬೇಕು ಎಂದು ಹಟ ಹಿಡಿದರು.

ಬದುಕು ಒಂದು ಹದಕ್ಕೆ ಬಂತು ಎನ್ನುವಾಗ ಎರಡನೇ ಬಿರುಗಾಳಿ ಬಂತು. ಮದುವೆಯಾಗಿ ಕೆಲವೇ ವರ್ಷಗಳಲ್ಲಿ ಪೌಲಿನೆ ತೀರಿಕೊಂಡರು. ಮೂವತ್ತರ ಆಸುಪಾಸಿನ ಗಂಡ, ಎಳೆಯ ಮಕ್ಕಳು, ಪರದೇಶ. 1867ರಲ್ಲಿ ಅವರು ಪೌಲಿನೆಯ ತಂಗಿ ಜೂಲಿಯನ್ನು ಮದುವೆಯಾದರು. ಮಕ್ಕಳಿಗೆ ಚಿಕ್ಕಮ್ಮನೇ ತಾಯಿಯಾದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಹೆಂಡತಿಯ ಸಾವಿನ ದುಃಖವೇ ಅವರನ್ನು ದೊಡ್ಡ ವಿದ್ವಾಂಸರನ್ನಾಗಿ ಮಾಡಿತು, ಅದೂ ಒಂದು ಆಶೀರ್ವಾದವೇ ಎಂದು ಭಾಷಣದಲ್ಲಿ ಹೇಳಿದರೆ ಚಪ್ಪಾಳೆ ಬೀಳಬಹುದು. ನಾನೂ ಮೊದಲು ಹಾಗೆಯೇ ಬರೆದುಕೊಂಡಿದ್ದೆ. ಆಮೇಲೆ ಹೊಡೆದು ಹಾಕಿದೆ. ಒಬ್ಬ ತಾಯಿಯ ಸಾವಿನ ಬೆಲೆಯನ್ನು ಒಂದು ಪುಸ್ತಕದಿಂದ ಅಳೆಯಲಾಗುವುದಿಲ್ಲ. ಸಾವು ಸಾವೇ. ಯೇಸು ಕೂಡ ಗೆಳೆಯ ಲಾಜರನ ಸಮಾಧಿಯ ಮುಂದೆ ನಿಂತಾಗ ಅತ್ತರೇ ಹೊರತು ಒಳ್ಳೆಯದೇ ಆಯಿತು ಎಂದು ಹೇಳಲಿಲ್ಲ. ಕಿಟೆಲ್ ಬದುಕಿನಲ್ಲಿ ನನಗೆ ಕಂಡದ್ದು ಇಷ್ಟೇ: ಆ ಸಾವಿನ ನಂತರವೂ ಅವರು ಮರುದಿನದ ಕೆಲಸವನ್ನು ಬಿಡಲಿಲ್ಲ.

ಒಂದೊಂದೇ ಪದ

1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ ಕಿಟೆಲ್ ಅವರ ಸಂಪಾದನೆಯಲ್ಲಿ ಮಂಗಳೂರಿನಿಂದ ಹೊರಬಂದವು. ಒಂದು ಕನ್ನಡದ ಹಳೆಯ ವ್ಯಾಕರಣ, ಇನ್ನೊಂದು ಹಳೆಯ ಛಂದಸ್ಸಿನ ಗ್ರಂಥ. ಇವೆರಡರಲ್ಲೂ ಕ್ರೈಸ್ತ ಧರ್ಮದ ವಿಷಯವಿಲ್ಲ. ಆದರೂ ಒಬ್ಬ ಪಾದ್ರಿ ಇವಕ್ಕಾಗಿ ವರ್ಷಗಳನ್ನೇ ಕೊಟ್ಟರು.

ಇದರ ಜೊತೆಗೇ ನಿಘಂಟಿನ ಕೆಲಸ ಬೆಳೆಯಿತು. ಆಗ ಬಳಕೆಯಲ್ಲಿದ್ದದ್ದು 1832ರಲ್ಲಿ, ಅಂದರೆ ಕಿಟೆಲ್ ಹುಟ್ಟಿದ ವರ್ಷವೇ ಬಂದ ರೀವ್ ಅವರ ನಿಘಂಟು. ಕಿಟೆಲ್ ಅವರಿಗೆ ಅದು ಸಾಲಲಿಲ್ಲ. ಪದಕ್ಕೆ ಇಂಗ್ಲಿಷಿನಲ್ಲಿ ಅರ್ಥ ಕೊಟ್ಟರೆ ಮುಗಿಯುವುದಿಲ್ಲ, ಆ ಪದ ಯಾವ ಕಾವ್ಯದಲ್ಲಿ, ಯಾವ ಗಾದೆಯಲ್ಲಿ ಬಂದಿದೆ ಎಂದು ತೋರಿಸಬೇಕು. ತಮಿಳು, ತೆಲುಗು, ಮಲಯಾಳ, ತುಳುವಿನಲ್ಲಿ ಅದರ ನೆಂಟರು ಯಾರು ಎಂದು ಹುಡುಕಬೇಕು. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು, ಹಳ್ಳಿಯವರ ಗಾದೆಗಳು ಎಲ್ಲವೂ ಅವರಿಗೆ ಬೇಕಾಯಿತು. ಊರಿನ ಪಂಡಿತರ ನೆರವು ಪಡೆದರು.

ಗ್ರಂಥಾಲಯದಲ್ಲಿ ಆ ನಿಘಂಟನ್ನು ಕೈಗೆತ್ತಿಕೊಂಡಾಗ ನಾನು ಮೊದಲು ಹುಡುಕಿದ ಪದ ಮಳೆ. ಹೊರಗೆ ಅದೇ ಸುರಿಯುತ್ತಿತ್ತು! ಹಳಗನ್ನಡದಲ್ಲಿ ಅದು ಮೞೆ. ಈಗ ನಮ್ಮ ಅಕ್ಷರಮಾಲೆಯಲ್ಲಿ ಬಳಕೆ ತಪ್ಪಿರುವ ೞ ಎಂಬ ಅಕ್ಷರ ಅದರಲ್ಲಿತ್ತು. ತಮಿಳರ, ಮಲಯಾಳಿಗಳ ಮಳೆಯಲ್ಲಿ ಆ ಧ್ವನಿ ಇಂದಿಗೂ ಉಳಿದಿದೆ. ಮಂಗಳೂರಿನಲ್ಲಿ ತುಳುವಿನವರು ಬರ್ಸ ಅನ್ನುತ್ತೇವೆ, ಕೊಂಕಣಿಯವರು ಪಾವ್ಸ್ ಅನ್ನುತ್ತೇವೆ, ಕನ್ನಡದಲ್ಲಿ ಮಳೆ ಅನ್ನುತ್ತೇವೆ. ಎಲ್ಲರ ಮೇಲೂ ಬೀಳುವುದು ಒಂದೇ ನೀರು. ಆ ಒಂದು ಪದದ ಹಿಂದೆ ಇಷ್ಟು ಬಂಧುಬಳಗ ಇದೆ ಎಂದು ನನಗೆ ತೋರಿಸಿಕೊಟ್ಟದ್ದು ಕಡಲಾಚೆಯಿಂದ ಬಂದ ಒಬ್ಬ ಮನುಷ್ಯ.

ಈ ಕೆಲಸ ಕಿಟೆಲ್ ಅವರ ಮೈಯನ್ನು ಹಿಂಡಿತು. ಎಣ್ಣೆ ದೀಪದ ಕಾಲ, ಹಸ್ತಪ್ರತಿಗಳ ಸಣ್ಣ ಅಕ್ಷರ. ಕಣ್ಣು ದಣಿಯಿತು, ಆರೋಗ್ಯ ಕೆಟ್ಟಿತು. 1877ರಲ್ಲಿ ಜರ್ಮನಿಗೆ ಮರಳಿದರು. ಇದು ಮೂರನೇ ಬಿರುಗಾಳಿ. ಅಲ್ಲಿಗೇ ನಿಲ್ಲಿಸಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ 1883ರಲ್ಲಿ, ಐವತ್ತು ದಾಟಿದ ಮೇಲೆ, ನಿಘಂಟು ಮುಗಿಸುವುದಕ್ಕಾಗಿ ಮತ್ತೆ ಹಡಗು ಹತ್ತಿ ಬಂದರು. ಸುಮಾರು ಒಂಬತ್ತು ವರ್ಷ ಇಲ್ಲಿ ದುಡಿದು 1892ರಲ್ಲಿ ಕೊನೆಯದಾಗಿ ಹಿಂತಿರುಗಿದರು.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ನಿಘಂಟು ಹೊರಬಂತು. 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಪದ. ಸುಮಾರು ಎರಡು ದಶಕಗಳ ದುಡಿಮೆ. ಪುಸ್ತಕ ಮಂಗಳೂರಿನಲ್ಲಿ ಬಿಡುಗಡೆಯಾಗುವಾಗ ಕಿಟೆಲ್ ಇಲ್ಲಿರಲಿಲ್ಲ, ದೂರದ ಟ್ಯೂಬಿಂಗನ್ನಿನಲ್ಲಿದ್ದರು. ಅಲ್ಲಿನ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅಷ್ಟಕ್ಕೇ ಕೂರದೆ ಇಂಗ್ಲಿಷಿನಲ್ಲಿ ಕನ್ನಡದ ದೊಡ್ಡ ವ್ಯಾಕರಣವೊಂದನ್ನು ಬರೆದರು. ಅದು 1903ರಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, 71ನೇ ವಯಸ್ಸಿನಲ್ಲಿ ತೀರಿಕೊಂಡರು.

ಒಂದು ಲೆಕ್ಕದಲ್ಲಿ ಅವರು ಸೋತರು. ಧರ್ಮಪ್ರಚಾರಕರಾಗಿ ಬಂದವರನ್ನು ಇಂದು ಯಾರೂ ಆ ಕಾರಣಕ್ಕೆ ನೆನೆಯುವುದಿಲ್ಲ. ಆದರೆ ಅವರ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದ್ರಾಸ್ ವಿಶ್ವವಿದ್ಯಾಲಯ 1968ರಿಂದ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಹತ್ತಿರ ಅವರ ಪ್ರತಿಮೆ ಇದೆ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಇದೆ. ನೂರಕ್ಕೂ ಹೆಚ್ಚು ವರ್ಷ ಕಳೆದರೂ ಹಳಗನ್ನಡದ ಪದ ತಡೆದಾಗ ವಿದ್ವಾಂಸರ ಕೈ ಇಂದಿಗೂ ಆ ನಿಘಂಟಿನತ್ತ ಹೋಗುತ್ತದೆ.

ಮಳೆ ನೀರು ಎಲ್ಲಿ ನಿಲ್ಲುತ್ತದೆ?

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಬಿರುಗಾಳಿ ಆಶೀರ್ವಾದವೇ?

ನಾನು ಸಿವಿಲ್ ವಿದ್ಯಾರ್ಥಿ. ಕ್ಲಾಸಿನಲ್ಲಿ ನಮಗೆ ಒಂದು ವಿಚಿತ್ರ ಹೇಳಿಕೊಟ್ಟರು. ಇಷ್ಟೊಂದು ಮಳೆ ಬೀಳುವ ಮಂಗಳೂರಿನಲ್ಲಿ ಏಪ್ರಿಲ್, ಮೇ ಬಂತೆಂದರೆ ತುಂಬೆ ಅಣೆಕಟ್ಟಿನ ನೀರಿನ ಮಟ್ಟ ನೋಡಿ ನಾವು ಹೆದರುತ್ತೇವೆ. ಕೆಲವು ವರ್ಷ ದಿನ ಬಿಟ್ಟು ದಿನ ನೀರು ಬಿಟ್ಟದ್ದೂ ಇದೆ. ಕಾರಣ ಮಳೆ ಕಡಿಮೆಯಾದದ್ದಷ್ಟೇ ಅಲ್ಲ. ಇಳಿಜಾರಿನ ನೆಲದಲ್ಲಿ ಬಿದ್ದ ನೀರು ನಿಲ್ಲದೆ ಓಡಿ ಕಡಲು ಸೇರುತ್ತದೆ. ನಮ್ಮ ಹಿರಿಯರು ಇದಕ್ಕೇ ಗುಡ್ಡದ ಬದಿಯಲ್ಲಿ ಮದಕ ಮಾಡಿದರು, ತೋಡಿಗೆ ಕಟ್ಟ ಕಟ್ಟಿದರು. ಮದಕ ಇದ್ದ ಕಡೆ ಅದೇ ಮಳೆ ಬೇಸಿಗೆಯ ಬಾವಿಯಲ್ಲಿ ನೀರಾಗಿ ಉಳಿಯಿತು. ಇಲ್ಲದ ಕಡೆ ಮಣ್ಣು ಕೊಚ್ಚಿಕೊಂಡು ಹೋಯಿತು.

ಬಿರುಗಾಳಿಯೂ ಹಾಗೆಯೇ ಅನಿಸುತ್ತದೆ. ಅದು ತಾನಾಗಿ ಆಶೀರ್ವಾದವಲ್ಲ. ಯೇಸು ಹೇಳಿದ ಎರಡು ಮನೆಗಳ ಕಥೆಯಲ್ಲಿ ಬಂಡೆಯ ಮೇಲಿನ ಮನೆಗೂ ಮರಳಿನ ಮೇಲಿನ ಮನೆಗೂ ಒಂದೇ ಮಳೆ, ಒಂದೇ ಗಾಳಿ ಬರುತ್ತದೆ. ನಂಬುವವನ ಮನೆಗೆ ಮಳೆ ಬರುವುದಿಲ್ಲ ಎಂದು ಆ ಕಥೆ ಎಲ್ಲೂ ಹೇಳುವುದಿಲ್ಲ. ನಂಬಿಕೆ ಮಳೆ ನಿಲ್ಲಿಸುವ ಮಂತ್ರವಲ್ಲ. ಬಿದ್ದದ್ದನ್ನು ಹಿಡಿದಿಟ್ಟುಕೊಳ್ಳುವ ಮದಕ ಅದು. ಹಿರಿಯರ ಅಸಮಾಧಾನ ಕಿಟೆಲ್ ಅವರಲ್ಲಿ ಕಹಿಯಾಗಿ ಹರಿದು ಹೋಗಬಹುದಿತ್ತು. ಕೆಟ್ಟ ಆರೋಗ್ಯ ಅವರನ್ನು ಜರ್ಮನಿಯಲ್ಲೇ ಉಳಿಸಬಹುದಿತ್ತು. ದೇವರು ತನ್ನನ್ನು ಕರೆದದ್ದು ಸುಳ್ಳಲ್ಲ ಎಂಬ ನಂಬಿಕೆ ಅವರಲ್ಲಿ ಇತ್ತು. ಅದರ ಹಿಂದೆ ದಿನವೂ ಒಂದೊಂದು ಪದದಂತೆ ಕೆಲಸ ಶೇಖರವಾಯಿತು. ನಾವು ಇಂದಿಗೂ ಅದರಿಂದ ನೀರು ಸೇದುತ್ತಿದ್ದೇವೆ.

ಗೆಳೆಯರೇ, ನಿಮ್ಮಲ್ಲಿ ಹಲವರು ನನ್ನ ಹಾಗೆ ಬ್ಯಾಕ್ ಕಟ್ಟಿರಬಹುದು. ಪದವಿ ಮುಗಿಸಿ ವರ್ಷವಾದರೂ ಸಂದರ್ಶನಗಳಿಗೆ ಅಲೆಯುತ್ತಿರಬಹುದು. ಎಲ್ಲ ಒಳ್ಳೆಯದಕ್ಕೇ ಎಂದು ನಾನು ನಿಮಗೆ ಹೇಳುವುದಿಲ್ಲ. ಈ ಮಳೆಯಲ್ಲಿ ಹಿಡಿದಿಡಬಹುದಾದ್ದು ಏನಿದೆ ಎಂದು ಒಮ್ಮೆ ನೋಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ. ನನಗೆ ಸಿಕ್ಕಿದ್ದು ಸಣ್ಣದು. ಮೊದಲ ಸಲ ಬರೀ ಬಾಯಿಪಾಠ ಮಾಡಿದ್ದ ಫ್ಲೂಯಿಡ್ ಮೆಕ್ಯಾನಿಕ್ಸನ್ನು ಈಗ ಮೊದಲಿನಿಂದ, ಅರ್ಥವಾಗುವವರೆಗೆ ಓದುತ್ತಿದ್ದೇನೆ. ದಿನಕ್ಕೆ ಎರಡೇ ಲೆಕ್ಕ. ಆದರೆ ತಪ್ಪಿಸುವುದಿಲ್ಲ.

ಕನ್ನಡ ಸಂಘದಲ್ಲಿ ಮಾತನಾಡಿದ ದಿನವೂ ಜೋರು ಮಳೆ. ಹತ್ತು ನಿಮಿಷದ ಮಾತು ಇಪ್ಪತ್ತು ನಿಮಿಷವಾಯಿತು. ಸಂಜೆ ಮನೆಗೆ ಬಂದು ನೆರೆಮನೆಯ ಆಂಟಿಗೆ ಕಿಟೆಲ್ ಕಥೆ ಹೇಳಿದೆ. ಅವರು ಪೂರ್ತಿ ಕೇಳಿದರು. ಆಮೇಲೆ, ಈ ಸಲವಾದರೂ ಪಾಸಾಗು ಮಗಾ ಎಂದು ನಕ್ಕರು. ಮರುಪರೀಕ್ಷೆ ಮುಂದಿನ ತಿಂಗಳು. ಮಳೆ ಇನ್ನೂ ಬಿಟ್ಟಿಲ್ಲ. ನಾನು ಓದಲು ಕೂರುತ್ತೇನೆ.